ಝೇಂಕಾರ ನುಂಗದ ಆ್ಯಪ್

ಲಾಸಿನ ತನ್ನ ಮೊದಲ ಫೋನನ್ನು ಬಲಾಫೋನ್ ಎಂಬ ಮರದ ವಾದ್ಯವನ್ನು ಬಾರಿಸುವ ಕೋಲಿನಿಂದಲೇ ಒಡೆದು ಹಾಕಿದ. ಹಿಡಿಯ ಕಡೆಯಿಂದ ಒಂದೇ ಏಟು, ಗಾಜು ಪುಡಿಪುಡಿ. ಪರದೆಯೊಳಗಿದ್ದ ಫ್ರಾನ್ಸಿನ ಮುದುಕ ಶಿಷ್ಯ ಬಾಯಿ ತೆರೆದವನು ತೆರೆದಂತೆಯೇ ಕಪ್ಪಾಗಿ ಹೋದ.

"ಕೈಗೇನು ದೆವ್ವ ಮೆಟ್ಕೊಂಡಿದ್ಯಾ ನಿಂಗೆ?" ಎಂದು ಹೆಂಡತಿ ಸೆತು ಒಲೆಯ ಮುಂದಿನಿಂದ ಕೂಗಿದಳು.

"ಅವನಿಗೆ ಗುಂಯ್ ಕೇಳಿಸ್ತಿಲ್ವಂತೆ ಕಣೇ! ಇಷ್ಟು ದಿನ ಗಂಟಲು ಹರ್ಕೊಂಡು ಪಾಠ ಹೇಳಿದೀನಿ, ಇವತ್ತು ಕೇಳ್ತಾನೆ, ಗುಂಯ್ ಅಂದ್ರೇನು ಅಂತ."

"ಅದಕ್ಕೆ ಫೋನೇನು ಮಾಡ್ತು?"

"ಅದೇ ನುಂಗಿದ್ದು."

ಸಿಟ್ಟು ಅತಿಯಾಯಿತು, ನಿಜ. ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಲಾಫೋನಿನ ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆಗಳನ್ನು ಕಟ್ಟಿರುತ್ತಾರೆ. ಬುರುಡೆಗೊಂದು ತೂತು, ತೂತಿನ ಮೇಲೆ ಜೇಡದ ಗೂಡಿನ ಪೊರೆ. ಪಟ್ಟಿಗೆ ಏಟು ಬಿದ್ದಾಗ ಆ ಪೊರೆ ನಡುಗಿ ಝೇಂಕರಿಸುತ್ತದೆ. ಅದಿಲ್ಲದಿದ್ದರೆ ಬಲಾಫೋನು ಹಲ್ಲುದುರಿದ ಬಾಯಿ. ಫೋನಿನ ಆ್ಯಪ್ ಮಾತ್ರ ಆ ಝೇಂಕಾರವನ್ನು ಬೀದಿಯ ಗಲಾಟೆ ಎಂದುಕೊಂಡು, ಯಜಮಾನನಿಗೆ ಉಪಕಾರ ಮಾಡಿದಂತೆ ಒರೆಸಿ ಹಾಕುತ್ತಿತ್ತು.

ಬೋಬೋ ಪೇಟೆಯ ಪಶ್ಚಿಮಕ್ಕೆ, ಗೇರುತೋಟಗಳ ನಡುವೆ, ಕೊಂಗೊಲಿಯ ಅಂಚಿನಲ್ಲಿ ಅವನ ಒಂಟಿ ಮನೆ. ಅಲ್ಲಿಯ ಸಾಂಬ್ಲಾ ಜನರ ಬಲಾಫೋನು ಬರೀ ಹಾಡುವುದಿಲ್ಲ, ಮಾತಾಡುತ್ತದೆ. ಬಾಯಲ್ಲಿ ಆಡುವ ಮಾತಿನ ಏರಿಳಿತವನ್ನೆಲ್ಲ ಪಟ್ಟಿಗಳ ಮೇಲೆ ಆಡಿಬಿಡುತ್ತದೆ. ಮದುವೆಗೆ ಬಂದ ಜಿಪುಣನನ್ನು ಹೆಸರು ಹಿಡಿದು ಕರೆದು, ನಿನ್ನ ಜೇಬು ಹೊಲಿದುಕೊಂಡು ಬಂದೆಯಾ ಎಂದು ಕೇಳುತ್ತದೆ. ಊರೆಲ್ಲ ನಗುತ್ತದೆ, ಜಿಪುಣ ತಲೆ ತಗ್ಗಿಸಿಕೊಂಡು ಕಾಸು ಬಿಚ್ಚುತ್ತಾನೆ. ಹೀಗೆ ಕಿಚಾಯಿಸುವುದರಲ್ಲಿ ಲಾಸಿನನನ್ನು ಮೀರಿಸುವವರು ಇರಲಿಲ್ಲ.

ಆ ವಿದ್ಯೆ ಏನು ಸುಮ್ಮನೆ ಬಂದದ್ದೇ? ಒಂದು ಮಾತು ತಪ್ಪಿದರೆ ಅಪ್ಪ ಬೆರಳಿನ ಗೆಣ್ಣಿಗೆ ಕೋಲಿನಿಂದ ಹೊಡೆಯುತ್ತಿದ್ದ. ಪಟ್ಟಿಗಳ ಮೇಲೆ ರಕ್ತದ ಕಲೆಯಾದರೆ ಮಗನ ಅಂಗಿಯಿಂದಲೇ ಒರೆಸುತ್ತಿದ್ದ. ಲಾಸಿನನೂ ತನ್ನ ತಮ್ಮ ಬ್ರೆಮಾನಿಗೆ ಅದನ್ನೇ ಮಾಡಿ ಕಲಿಸಿದ. ಒಂದೇ ಬಲಾಫೋನಿಗೆ ಮೂವರು ಕೂರಬೇಕು. ಇವರಿಬ್ಬರ ಜೊತೆಗೆ ಮೂರನೆಯವನು ತೀಯೆಬಾ.

ತೀಯೆಬಾ ಸತ್ತದ್ದು ಮದುವೆಯ ಅಂಗಳದಲ್ಲಿ. ಸಂಗೀತ ಪಾಪ, ಇನ್ನು ಮೇಲೆ ಇಲ್ಲಿ ನುಡಿಸಕೂಡದು ಎಂದು ಬಂದೂಕಿನವರು ಎರಡು ಸಲ ಹೇಳಿ ಕಳಿಸಿದ್ದರು. ಮೂರನೆಯ ಸಲ ಹೇಳಲಿಲ್ಲ. ಮೋಟರ್‌ಬೈಕುಗಳಲ್ಲಿ ಬಂದು, ನುಡಿಸುತ್ತಿದ್ದ ತೀಯೆಬಾನ ಕುತ್ತಿಗೆಗೆ ಗುಂಡು ಹೊಡೆದು, ಬಲಾಫೋನಿಗೆ ಪೆಟ್ರೋಲು ಸುರಿದು ಸುಟ್ಟರು. ಸೋರೆಬುರುಡೆಗಳು ಬೆಂಕಿಯಲ್ಲಿ ಪಟಪಟನೆ ಸಿಡಿದವು. ಮದುಮಗಳ ಬಿಳಿ ಬಟ್ಟೆಯ ತುಂಬ ತೀಯೆಬಾನ ರಕ್ತವಾಗಿತ್ತು.

ಬ್ರೆಮಾ ಮರುದಿನವೇ ಊರ ಕಾವಲಿನವರ ಜೊತೆ ಸೇರಿ ಬಂದೂಕು ಹಿಡಿದ. ಲಾಸಿನ ಮರ ಕಡಿದು, ಒಣಗಿಸಿ, ಹೊಸ ಬಲಾಫೋನು ಮಾಡಿದ. ಮದುವೆಗೆ ಕರೆಯುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಹಾಗಾಗಿ ಅವನು ಫೋನಿನಲ್ಲಿ ಪಾಠ ಹೇಳಲು ಕೂತ.

ಮೊದಲ ಫೋನು ಒಡೆದ ಮೇಲೆ ಒಳ್ಳೆಯ ಆ್ಯಪ್ ಹುಡುಕುವ ಕೆಲಸ ನಬಿಂತುವಿನ ತಲೆಗೆ ಬಂತು. ಅವಳು ಬ್ರೆಮಾನ ಮಗಳು. ಗಡಿಯಾಚೆಯ ಅಬಿಜಾನ್ ಪಟ್ಟಣದಲ್ಲಿ ತಾಯಿಯ ಕಡೆ ಬೆಳೆದು, ಅಲ್ಲೇ ಒಂದು ಅಂಗಡಿಯಲ್ಲಿ ಹೆಂಗಸರ ಕೂದಲು ಹೆಣೆಯುವವಳು. ಅಪ್ಪನೂರಿನ ವಿದ್ಯೆ ಕಲಿಯಬೇಕೆಂಬ ಹುಚ್ಚು ಹಿಡಿದು, ಬ್ರೆಮಾನ ಕೈಯಲ್ಲಿ ಒಂದು ಚಿಕ್ಕ ಬಲಾಫೋನು ತರಿಸಿಕೊಂಡಿದ್ದಳು.

"ದೊಡ್ಡಪ್ಪ, ಈಗ ನುಡ್ಸು. ಇದು ಬೇರೇದು."

ಲಾಸಿನ ನುಡಿಸಿದ. "ಏನು ಕೇಳಿಸ್ತು?"

"ಕಟ್ಗೆ ಒಡ್ದಂಗೆ ಕೇಳಿಸ್ತು."

"ಥೂ! ತೆಗೆದು ಹಾಕು ಅದನ್ನ."

ಎಲ್ಲರ ಫೋನಿನಲ್ಲೂ ಇರುವ ಆ್ಯಪ್ ಝೇಂಕಾರ ತಿಂದಿತು. ಇನ್ನೊಂದು ಝೇಂಕಾರ ಬಿಟ್ಟಿತು, ಆದರೆ ಜೋಡಿ ಏಟು ಹೊಡೆದರೆ ಒಂದನ್ನು ನುಂಗಿತು. ಜೋಡಿ ಏಟಿಲ್ಲದಿದ್ದರೆ ಬಲಾಫೋನಿಗೆ ತೊದಲು ಬರುತ್ತದೆ. ಮತ್ತೊಂದಕ್ಕೆ ಕೊಂಗೊಲಿಯ ನೆಟ್‌ವರ್ಕು ಸಾಲದೆ, ಲಾಸಿನನ ಕೈ ಮೇಲೆತ್ತಿದ್ದು ಮೇಲೆಯೇ ನಿಂತುಬಿಡುತ್ತಿತ್ತು. ಇಬ್ಬರೂ ಒಟ್ಟಿಗೆ ಬಾರಿಸುವ ಆಸೆಯನ್ನಂತೂ ಯಾವುದೂ ಈಡೇರಿಸಲಿಲ್ಲ. ಇಲ್ಲಿಯ ಏಟು ಅಲ್ಲಿಗೆ ತಡವಾಗಿಯೇ ಹೋಗುತ್ತಿತ್ತು. ಕೊನೆಗೆ ನಬಿಂತು ಯಾರೂ ಹೆಸರು ಕೇಳದ ಒಂದು ಚಿಕ್ಕ ಆ್ಯಪ್ ಹಿಡಿದು ತಂದಳು. ಅದರ ಹೊಟ್ಟೆಯೊಳಗೆಲ್ಲೋ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಬಂದ ಸದ್ದನ್ನೆಲ್ಲ ಬಂದ ಹಾಗೆಯೇ ಕಳಿಸುತ್ತಿತ್ತು.

"ದೊಡ್ಡಪ್ಪ! ಗುಂಯ್ ಬಂತು! ನಿಮ್ಮನೆ ಕೋಳಿನೂ ಬಂತು. ದೊಡ್ಡಮ್ಮ ಪಾತ್ರೆ ಕುಕ್ಕಿದ್ದೂ ಬಂತು."

"ಅವಳು ನನ್ನ ಬೈದಿದ್ದು?"

"ಅದೂ ಬಂತು."

ಲಾಸಿನ ಅಂದು ತೊಡೆ ತಟ್ಟಿಕೊಂಡು ನಕ್ಕ. ಅಷ್ಟು ದಿನಗಳಲ್ಲಿ ಅವನು ಬಾಯಿ ತುಂಬ ನಕ್ಕದ್ದನ್ನು ಸೆತು ನೋಡಿರಲಿಲ್ಲ.

ಪಾಠದಲ್ಲಿ ಮಾತ್ರ ಅವನು ಅಪ್ಪನ ಮಗನೇ. ಕೋಲು ಅಬಿಜಾನಿನವರೆಗೆ ಮುಟ್ಟದು, ನಾಲಿಗೆ ಮುಟ್ಟುತ್ತಿತ್ತು. ಅವನ ಕಟ್ಟಳೆ ಎರಡು. ಪಾಠ ಶುರುವಾದ ಮೇಲೆ ಬಾಯಿ ಬಿಡಕೂಡದು, ನಮಸ್ಕಾರವೂ ಬಲಾಫೋನಿನಲ್ಲೇ ಆಗಬೇಕು. ಮತ್ತೆ, ಗುರು ಆಡಿದ ಮಾತನ್ನು ಮೊದಲು ಹಾಗೆಯೇ ತಿರುಗಿ ಆಡಬೇಕು, ಉತ್ತರ ಆಮೇಲೆ. ಒಂದು ಸಲ ನಬಿಂತು ಮರೆತು, "ದೊಡ್ಡಪ್ಪ, ಇದು ಸರಿನಾ?" ಎಂದು ಬಾಯಲ್ಲಿ ಕೇಳಿದ್ದಕ್ಕೆ ಅವಳ ತಾಯಿಯ ವಂಶವನ್ನೆಲ್ಲ ಎಳೆದು ಬೈದಿದ್ದ. ಅವಳು ಅತ್ತಿದ್ದಳು. ತಿರುಗಿ ಆಡುವುದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಅರ್ಥ ಹಿಡಿದು ಉತ್ತರ ಕೊಡುವುದು ಬರುತ್ತಿರಲಿಲ್ಲ.

"ಗಿಳಿ ಕಣೆ ನೀನು," ಎನ್ನುತ್ತಿದ್ದ ಲಾಸಿನ. "ಬರೀ ಗಿಳಿ."

ಒಂದು ದಿನ ಬ್ರೆಮಾ ಬೋಬೋ ಪೇಟೆಗೆ ಹೋಗಿದ್ದ, ಸಂಜೆಗೆ ಮೋಟರ್‌ಬೈಕಿನಲ್ಲಿ ವಾಪಸು ಬರುವವನಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಲಾಸಿನ ಅಂಗಳದ ಮಾವಿನ ಮರದ ಕೆಳಗೆ ಬಲಾಫೋನು ಹಾಕಿ, ಪಟ್ಟಿಗಳೂ ಕೈಗಳೂ ಮಾತ್ರ ಕಾಣುವ ಹಾಗೆ ಫೋನನ್ನು ಮಡಕೆಗೆ ಒರಗಿಸುತ್ತಿದ್ದ. ಬೆನ್ನಿಗೆ ಒದೆ ಬಿತ್ತು. ಮುಖ ಅಡಿಯಾಗಿ ಪಟ್ಟಿಗಳ ಮೇಲೆ ಬಿದ್ದ. ತುಟಿ ಒಡೆಯಿತು.

ಮೂವರು ಬಂದಿದ್ದರು. ತಲೆಗೆ ಕೆಂಪು ರುಮಾಲು ಸುತ್ತಿದವನು ಯಜಮಾನ. ಒಬ್ಬ ಸೆತುವಿನ ಕೂದಲು ಹಿಡಿದು ಅಡುಗೆಮನೆಯೊಳಕ್ಕೆ ದರದರ ಎಳೆದುಕೊಂಡು ಹೋದ. ಒಳಗೆ ಮುದ್ದೆಯ ಮಡಕೆ ಒಡೆದ ಸದ್ದಾಯಿತು. ಇನ್ನೊಬ್ಬ ದಾರಿ ಕಾಯಲು ಬೇಲಿಯ ಮರೆಗೆ ಹೋದ.

"ತಮ್ಮ ಎಷ್ಟೊತ್ತಿಗೆ ಬರ್ತಾನೆ?"

"ಗೊತ್ತಿಲ್ಲ."

ಕೆಂಪು ರುಮಾಲಿನವನು ಬಂದೂಕಿನ ಹಿಂಬದಿಯಿಂದ ಅವನ ಕಿವಿಯ ಮೇಲೆ ಹೊಡೆದ. "ಬೆಳಿಗ್ಗೆ ಹೋಗಿದ್ದು ನೋಡಿದೀವಿ, ಸಂಜೆ ಬರ್ತಾನೆ. ನೀನು ದಿನಾ ಈ ಹೊತ್ತಿಗೆ ಬಾರಿಸ್ತೀಯ ಅಂತಲೂ ಗೊತ್ತು. ಇವತ್ತೂ ಬಾರ್ಸು. ದಾರೀಲಿ ಯಾರಿಗೂ ಅನುಮಾನ ಬರಬಾರದು."

"ಸಂಗೀತ ಪಾಪ ಅಂದ್ರಲ್ಲಪ್ಪ?"

ಇನ್ನೊಂದು ಏಟು ಬಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಯಾರದು?"

"ಶಿಷ್ಯೆ. ಎತ್ತದಿದ್ರೆ ಊರಿಗೆಲ್ಲ ಫೋನ್ ಮಾಡಿ ಕೇಳ್ತಾಳೆ."

ಕೆಂಪು ರುಮಾಲಿನವನು ಸ್ವಲ್ಪ ಯೋಚಿಸಿದ. ದೂರದ ಸೀಮೆಯವನು, ಸಾಂಬ್ಲಾ ಮಾತೇ ಅವನಿಗೆ ಬಾರದು, ಇನ್ನು ಬಲಾಫೋನಿನ ಮಾತು ಎಲ್ಲಿಂದ ಬರಬೇಕು? "ಎತ್ತು. ಬಾಯಿಂದ ಒಂದು ಅಕ್ಷರ ಬಂದ್ರೆ ಒಳಗಿರೋಳ ತಲೆ ಹಾರುತ್ತೆ," ಎಂದು ಕಣಜದ ಹಿಂದೆ ಸರಿದು, ಬಂದೂಕು ಗುರಿಯಿಟ್ಟು ಕೂತ.

ಲಾಸಿನ ತುಟಿಯ ರಕ್ತವನ್ನು ನುಂಗಿಕೊಂಡು ಕೋಲು ಹಿಡಿದ. ಪರದೆಯಲ್ಲಿ ಚಿಕ್ಕ ಬಲಾಫೋನು ಕಂಡಿತು, ಅದರ ಮೇಲೆ ನಬಿಂತುವಿನ ಎರಡು ಕೈ. ಎಂದಿನಂತೆ ಅವಳ ಬಲಾಫೋನು ನಮಸ್ಕಾರ ಹೇಳಿತು. ಅವನದು ನಮಸ್ಕಾರ ಹೇಳಲಿಲ್ಲ. ನೇರವಾಗಿ ಹೇಳಿತು: "ನಿನ್ನಪ್ಪ ಮನೆಗೆ ಬಂದರೆ ಸಾಯುತ್ತಾನೆ. ಅಂಗಳದಲ್ಲಿ ಬಂದೂಕಿದೆ. ಹಿಂದೆ ಕಳಿಸು."

ನಬಿಂತು ಗಮನವಿಟ್ಟು ಕೇಳಿದಳು. ಕೋಲು ಎತ್ತಿದಳು. ನಿನ್ನಪ್ಪ ಮನೆಗೆ ಬಂದರೆ ಸಾಯುತ್ತಾನೆ, ಅಂಗಳದಲ್ಲಿ ಬಂದೂಕಿದೆ, ಹಿಂದೆ ಕಳಿಸು ಎಂದು ಒಂದು ಏಟೂ ತಪ್ಪದೆ ತಿರುಗಿ ಬಾರಿಸಿ, ಹೊಗಳಿಕೆಗೆ ಕಾಯುತ್ತ ಕೂತಳು.

ಲಾಸಿನ ಅದನ್ನೇ ಮತ್ತೆ ಹೇಳಿದ, ಇನ್ನೂ ಬಿಡಿಸಿ. ಅವಳು ಮತ್ತೆ ತಿರುಗಿ ಆಡಿದಳು, ಇನ್ನೂ ಚೆನ್ನಾಗಿ. ಪರದೆಯೊಳಗೆ ಕೈ ಹಾಕಿ ಅವಳ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ಅವನಿಗೆ. ಅವಳನ್ನು ಗಿಳಿ ಮಾಡಿದವನು ತಾನೇ ಎಂಬುದೂ ಆ ಕ್ಷಣದಲ್ಲೇ ಹೊಳೆಯಿತು. ದಾರಿಯಲ್ಲಿ ಬ್ರೆಮಾ ಬರುತ್ತಿದ್ದಾನೆ. ಮೋಟರ್‌ಬೈಕಿನ ಗದ್ದಲದಲ್ಲಿ ಅವನಿಗೆ ಅಣ್ಣನ ಬಲಾಫೋನು ಕೇಳಿಸುವುದಿಲ್ಲ.

ಮೂರನೆಯ ಸಲ ಅವನು ಮಾತನ್ನು ಬದಲಿಸಿದ. "ನಬಿಂತು," ಎಂದು ಹೆಸರು ಕರೆದ. "ಇದು ಪಾಠ ಅಲ್ಲ."

ಕೋಲು ಮೇಲೆತ್ತಿದ ಅವಳ ಕೈ ಅಲ್ಲೇ ನಿಂತಿತು. ನೆಟ್‌ವರ್ಕು ಹೋಯಿತೇನೋ ಅಂದುಕೊಂಡ. ಹೋಗಿರಲಿಲ್ಲ, ಅವಳು ಕೋಲನ್ನು ಮೆಲ್ಲಗೆ ಕೆಳಗಿಟ್ಟಳು. ಬಾಯಿ ಬಿಟ್ಟಾಳೋ ಎಂದು ಅವನು ಉಸಿರು ಹಿಡಿದ. ಅವಳು ಬಾಯಿ ಬಿಡಲಿಲ್ಲ. ಎದ್ದು ಹೋದಳು.

ಖಾಲಿ ಪರದೆಯ ಮುಂದೆ ಲಾಸಿನ ಬಾರಿಸುತ್ತಲೇ ಇದ್ದ. ಏನು ಬಾರಿಸಿದನೆಂದು ಅವನಿಗೇ ನೆನಪಿಲ್ಲ. ತೀಯೆಬಾನ ಹೆಸರು ಬಂತಂತೆ, ಅಪ್ಪನ ಹೆಸರು ಬಂತಂತೆ. ಒಳಗೆ ಬಂದೂಕಿನ ಕೆಳಗೆ ಕೂತಿದ್ದ ಸೆತು ಆಮೇಲೆ ಹೇಳಿದಳು. ಕೊನೆಗೆ ಪರದೆಯಲ್ಲಿ ಕೈಗಳು ಮರಳಿ ಕಂಡವು. ಚಿಕ್ಕ ಬಲಾಫೋನು ಮೊದಲ ಬಾರಿಗೆ ತನ್ನದೇ ಮಾತಾಡಿತು: "ಹೇಳಿದೆ. ತಿರುಗಿದ."

ಇಲ್ಲಿ ಲಾಸಿನ ತಪ್ಪಿದ. ಸುಮ್ಮನಿರಬಹುದಿತ್ತು. ಆದರೆ ಮದುವೆ ಮನೆಗಳಲ್ಲಿ ಬೆಳೆದ ಕೈ, ಕಿಚಾಯಿಸದೆ ಬಿಟ್ಟೀತೇ? "ಗಿಳಿಗೂ ಬುದ್ಧಿ ಬಂತು," ಎಂದು ಬಾರಿಸಿದ. ಬಾರಿಸಿ, ನಕ್ಕುಬಿಟ್ಟ.

ಕೆಂಪು ರುಮಾಲಿನವನಿಗೆ ಬಲಾಫೋನು ಅರ್ಥವಾಗುತ್ತಿರಲಿಲ್ಲ, ನಗು ಅರ್ಥವಾಗುತ್ತಿತ್ತು. ಕಣಜದ ಹಿಂದಿನಿಂದ ಎದ್ದು ಬಂದ. "ಯಾಕೋ ನಕ್ಕೆ?"

ಉತ್ತರಕ್ಕೆ ಕಾಯದೆ ಅವನು ದಾರಿಯ ಕಡೆ ನೋಡಿದ, ಫೋನಿನ ಕಡೆ ನೋಡಿದ, ಬಲಾಫೋನಿನ ಕಡೆ ನೋಡಿದ. ಬೈಕಿನ ಸದ್ದಿಲ್ಲ. ಲಾಸಿನನ ಬಲಗೈ ಹಿಡಿದೆಳೆದು ಪಟ್ಟಿಗಳ ಮೇಲೆ ಮೆಟ್ಟಿ, ಬಂದೂಕಿನ ಹಿಂಬದಿಯಿಂದ ಕುಟ್ಟತೊಡಗಿದ. ಒಂದೊಂದು ಬೆರಳು, ಒಂದೊಂದು ಪಟ್ಟಿ. ಮೂಳೆ ಮುರಿದ ಸದ್ದಿನ ಹಿಂದೆಯೇ ಪಟ್ಟಿಯ ಸ್ವರ ಏಳುತ್ತಿತ್ತು, ಸ್ವರದ ಹಿಂದೆ ಬುರುಡೆಯ ಝೇಂಕಾರ. ಲಾಸಿನನ ಕಿರುಚಾಟವೂ ಒಳಗಿನಿಂದ ಸೆತುವಿನ ಕೂಗೂ ಅದರಲ್ಲಿ ಬೆರೆಯಿತು. ಆ ಚಿಕ್ಕ ಆ್ಯಪ್ ಒಂದನ್ನೂ ನುಂಗಲಿಲ್ಲ. ಬಂದದ್ದನ್ನೆಲ್ಲ ಬಂದ ಹಾಗೆಯೇ ಅಬಿಜಾನಿಗೆ ಕಳಿಸಿತು. ಯಾವ ಪಟ್ಟಿಯ ಮೇಲೆ ದೊಡ್ಡಪ್ಪನ ಬೆರಳು ಜಜ್ಜಿತೆಂದು ನಬಿಂತು ಅಲ್ಲಿ ಕೂತೇ ಹೇಳಬಲ್ಲವಳಾಗಿದ್ದಳು. ಅವಳು ಕರೆ ಕತ್ತರಿಸಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ಮಗಳು ಬೇರೆ ಫೋನಿನಿಂದ ಹೇಳಿದ ಮೇಲೆ ಹಿಂದೆ ತಿರುಗಿದ್ದ ಬ್ರೆಮಾ ಸುಮ್ಮನೆ ತಿರುಗಿರಲಿಲ್ಲ. ಪಕ್ಕದೂರಿನ ಕಾವಲಿನವರನ್ನು ಕೂಡಿಸಿಕೊಂಡು ಗೇರುತೋಟದ ಕಡೆಯಿಂದ ಬಂದ. ಅಂಗಳದಲ್ಲಿ ಗುಂಡು ಹಾರಿದವು. ಕೆಂಪು ರುಮಾಲಿನವನು ಬಲಾಫೋನಿನ ಮೇಲೆಯೇ ಬಿದ್ದು ಸತ್ತ. ಅವನ ಭಾರಕ್ಕೆ ಬುರುಡೆಗಳೆಲ್ಲ ಒಡೆದವು. ಇನ್ನಿಬ್ಬರು ಓಡಿದರು. ಫೋನಿಗೂ ಒಂದು ಗುಂಡು ತಗಲಿತು. ಅಲ್ಲಿಯವರೆಗೂ ಅದು ಎಲ್ಲವನ್ನೂ ಕಳಿಸುತ್ತಲೇ ಇತ್ತು.

ಬೋಬೋ ಆಸ್ಪತ್ರೆಯಲ್ಲಿ ಅವನ ಬಲಗೈಯ ಮೂರು ಬೆರಳು ತೆಗೆದರು. ಕೊಂಗೊಲಿಗೆ ಮತ್ತೆ ಹೋಗಲಾಗಲಿಲ್ಲ. ಪೇಟೆಯಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದರು. ಬ್ರೆಮಾ ಒಂದು ಬಲಾಫೋನು ತಂದು ಅಣ್ಣನ ಮುಂದಿಟ್ಟ. ಲಾಸಿನ ದಿನವೆಲ್ಲ ಅದನ್ನು ಬೈದು, ಮಾಡಿದವನನ್ನು ಬೈದು, ಪೊರೆಗಳನ್ನೆಲ್ಲ ಕಿತ್ತು ಎಡಗೈಯಲ್ಲಿ ಹೊಸದಾಗಿ ಅಂಟಿಸಿದ. ಝೇಂಕಾರ ಸರಿಯಾದ ಮೇಲೆ ನಬಿಂತುವಿಗೆ ಕರೆ ಮಾಡಲು ಹೇಳಿದ.

ಅವಳು ಪರದೆಯಲ್ಲಿ ಕಂಡಳು. ಇವನು ಎಡಗೈಯಿಂದ ನಮಸ್ಕಾರ ಬಾರಿಸಿದ. ಅವಳು ತಿರುಗಿ ಬಾರಿಸಲಿಲ್ಲ. ಕೋಲು ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡಿದ್ದಳು.

"ದೊಡ್ಡಪ್ಪ," ಎಂದಳು ಬಾಯಲ್ಲೇ. "ಬೈಬೇಡ. ಆ ಹಳೇ ಆ್ಯಪಲ್ಲಿ ಮಾಡೋಣ್ವಾ?"

"ಯಾವುದು? ಆ ಗುಂಯ್ ನುಂಗೋದಾ?"

"ಹ್ಞೂಂ. ಇದ್ರಲ್ಲಿ ಎಲ್ಲಾ ಕೇಳ್ಸುತ್ತೆ. ಒಂದೊಂದು ಗುಂಯ್ಗೂ ನಿನ್ನ ಬೆರಳೇ ಕೇಳ್ಸುತ್ತೆ. ಆಗಲ್ಲ ನನ್ ಕೈಲಿ."

ಸೆತು ಒಲೆ ಊದುವುದನ್ನು ನಿಲ್ಲಿಸಿದಳು. ಫೋನು ಎಲ್ಲಿ ಹಾರಿ ಗೋಡೆಗೆ ಬೀಳುವುದೋ ಎಂದು ಬ್ರೆಮಾ ಕೈ ಮುಂದೆ ಮಾಡಿದ.

ಲಾಸಿನ ಬಲಾಫೋನಿನ ಬುರುಡೆಗಳನ್ನು, ತಾನು ಇಡೀ ದಿನ ಕೂತು ಅಂಟಿಸಿದ ಪೊರೆಗಳನ್ನು ನೋಡಿದ. ಮೂಗು ಸೊರ್ರೆಂದು ಎಳೆದುಕೊಂಡ. "ಕತ್ತೆ," ಎಂದ. "ಬ್ರೆಮಾ, ಆ ದರಿದ್ರದ್ದನ್ನ ಹಾಕಿಕೊಡೋ."

ಬ್ರೆಮಾ ಹಾಕಿಕೊಟ್ಟ. ಲಾಸಿನ ಎಡಗೈ ಎತ್ತಿ ನಮಸ್ಕಾರ ಬಾರಿಸಿದ. ಅವನ ಕೋಣೆಯಲ್ಲಿ ಝೇಂಕಾರ ತುಂಬಿತು.

"ಏನು ಕೇಳಿಸ್ತು?"

"ಕಟ್ಗೆ ಒಡ್ದಂಗೆ ಕೇಳಿಸ್ತು, ದೊಡ್ಡಪ್ಪ."

"ಸರಿ. ಈಗ ಬಾಯಿ ಮುಚ್ಚಿ ತಿರುಗಿ ಬಾರ್ಸು," ಎಂದ ಲಾಸಿನ.