ಇಸ್ತ್ರಿ ಅಜ್ಜನ ಒದ್ದೆ ಪಂಚೆ

ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ಒಂದೇ ಬೆಳಿಗ್ಗೆ ಅಷ್ಟೂ ಮನೆಗಳ ಡ್ರಮ್ಮು ಖಾಲಿ ಮಾಡಿಸಿದ ಮಹಾಪುರುಷ ನಾನೇ. ‘ಇವತ್ತು ನೀರು ಬರುತ್ತೆ’ ಎಂಬ ಹೋದ ವಾರದ ಮೆಸೇಜನ್ನು ದಿನಾಂಕ ನೋಡದೆ ಬೀದಿಯ ವಾಟ್ಸಾಪ್ ಗ್ರೂಪಿಗೆ ತಳ್ಳಿದ್ದೆ. ನೀರು ಬರುವ ದಿನ ಹಳೆ ನೀರು ಚೆಲ್ಲಿ ಡ್ರಮ್ಮು ತಿಕ್ಕುವುದು ನಮ್ಮವರ ರೂಢಿ. ಎಲ್ಲರೂ ಚೆಲ್ಲಿದರು, ತಿಕ್ಕಿದರು, ಕಾದರು. ನಲ್ಲಿಯಲ್ಲಿ ಬರೀ ಗಾಳಿ ಬಂತು.

ಅದುವರೆಗೆ ಬೀದಿಗೆ ಸುದ್ದಿ ಕೊಡುತ್ತಿದ್ದವರು ಮೂಲೆಯ ಇಸ್ತ್ರಿ ಅಜ್ಜ. ನೀರು, ರೇಷನ್ನು, ಪೋಲಿಯೊ ಹನಿ, ಎಲ್ಲವೂ ಅವರ ಗಾಡಿಗೆ ನೇತುಹಾಕಿದ ಸ್ಲೇಟಿನ ಮೇಲಿರುತ್ತಿತ್ತು. ಬರೆದಾದ ಮೇಲೆ ಬಳಪದಿಂದ ಎರಡು ಸಲ ಕುಟ್ಟಿ, “ನಾನ ನೋಡ್ಕಂಡ್ ಬಂದೀನ್ರಿ” ಎನ್ನುತ್ತಿದ್ದರು. ಬೀದಿಯ ಬಟ್ಟೆಯನ್ನೆಲ್ಲ ಗರಿಗರಿ ಮಾಡುವ ಅವರ ಪಂಚೆಯಂಚು ಮಾತ್ರ ಸದಾ ಒದ್ದೆಯಾಗಿ ಮುದುಡಿರುತ್ತಿತ್ತು.

“ಅಜ್ಜಾ, ಮೊದ್ಲು ನಿಮ್ ಪಂಚೆ ಇಸ್ತ್ರಿ ಮಾಡ್ಕಳ್ರಿ” ಎಂದು ನಾನು ಗೇಲಿ ಮಾಡುತ್ತಿದ್ದೆ.

ಆ ದಿನ ಎದುರುಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ಅಕ್ಕಿ ತೊಳೆಯಲೂ ನೀರಿರಲಿಲ್ಲ. ಆ ಮನೆಯಾಕೆ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೇ ಬಂದರು.

“ಎಲ್ಲೈತೋ ನಿನ್ ನೀರು? ಮೊಬೈಲ್ ಹಿಂಡು, ತುಂಬ್ಕಂತೀನಿ!”

ನಾನು ಬಚ್ಚಲಲ್ಲಿ ಅಡಗಿದೆ. ಅಜ್ಜ ಬಂದು ನನ್ನನ್ನು ಹೊರಗೆಳೆದು, ತಮ್ಮ ಸೈಕಲ್ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ವಾರ್ಡ್ ಆಫೀಸಿಗೆ ಹೋದರು. ಅಲ್ಲಿ ಕಾಡಿಬೇಡಿ ಊಟದ ಹೊತ್ತಿಗೆ ಟ್ಯಾಂಕರ್ ತರಿಸಿದರು.

ಸಂಜೆ ಬಳಪವನ್ನು ನನ್ನ ಕೈಗಿಟ್ಟು ಹೇಳಿದರು: “ನಾಳೆಯಿಂದ ನನ್ನಂಗ ನೀರು ಬಿಡೋ ವಾಲ್ವಿನ ಗುಂಡಿಗೆ ನೀನ ಇಳಿದು ನೋಡು ತಮ್ಮಾ. ಮೊದ್ಲು ಪ್ಯಾಂಟ್ ಒದ್ದೆ ಆಗ್ಲಿ, ಆಮ್ಯಾಲೆ ಮೆಸೇಜ್ ಹಾಕು.”