ಅಣ್ಣಯ್ಯನ ಹಬೆ ಡ್ರಮ್ಮು

ಬ್ರಹ್ಮಾವರದ ಬಸ್ ಶೆಡ್ಡಿನ ಮೇಸ್ತ್ರಿ ಅಣ್ಣಯ್ಯನಿಗೆ ಕೈಯಲ್ಲಿ ಕೆಲಸವಿತ್ತು, ಮೂಗಿನ ತುದಿಯಲ್ಲಿ ಸಿಟ್ಟಿತ್ತು. ಯುದ್ಧ ಬಂದು ಪೆಟ್ರೋಲು ಹೋಯಿತು, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡಿತು, ಅದನ್ನೂ ಸಹಿಸಿದ. ಆದರೆ ಜಿಡ್ಡು ಹಿಡಿದ ಗೇರು, ಬೇರಿಂಗು ತೊಳೆಯಲು ಸೀಮೆಎಣ್ಣೆ ಎಲ್ಲಿಂದ ತರುವುದು? ರೇಶನ್ನಿನಲ್ಲಿ ಮನೆಗೆ ಸಿಕ್ಕಿದ ಬಾಟಲಿಯನ್ನೇ ಶೆಡ್ಡಿಗೆ ಹೊತ್ತ. ದೀಪವಿಲ್ಲದ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ಅವನ ಹೆಂಡತಿ, ಬಾಗಿ ಎಂಬವಳು, ಬೆರಳನ್ನೇ ಕೊಯ್ದುಕೊಂಡಳು.

“ಹ್ವಾಯ್, ಎಣ್ಣಿಯೆಲ್ಲ ಬಸ್ಸಿಗೇ ಕುಡ್ಸಿ. ನಾವ್ ಕತ್ಲಿಯಗೇ ಕೂಕಂಬ!”

ಬಟ್ಟೆ ಸುತ್ತಿದ ಆ ಬೆರಳು ನೋಡಿ ಅಣ್ಣಯ್ಯ, “ಇನ್ ಮನಿ ಎಣ್ಣಿ ಮುಟ್ತಿಲ್ಲೆ ಮಾರಾಯ್ತಿ” ಎಂದು ಮಾತು ಕೊಟ್ಟ.

ಮಾತು ಕೊಡುವುದಕ್ಕೇನು! ಕಡುಬು ಬೇಯಿಸುವ ಹಬೆಗೆ ಜಿಡ್ಡು ಬಿಡದೇ ಎಂದು ಅವನಿಗೆ ಹೊಳೆಯಿತು. ಗುಜರಿಗೆ ಬಿದ್ದ ಡಾಂಬರು ಡ್ರಮ್ಮನ್ನು ಕಲ್ಲಿನ ಒಲೆಯ ಮೇಲೆ ಕೂರಿಸಿ, ನೀರು ಹೊಯ್ದು, ತೆಂಗಿನ ಸಿಪ್ಪೆ ಉರಿಸಿದ. ಮುಚ್ಚಳದ ಮೇಲೆ ಭಾರಕ್ಕೆ ಅರೆಯುವ ಗುಂಡುಕಲ್ಲು, ಗೇರಿಗೆ ಹಬೆ ಹಿಡಿಯಲು ಬದಿಗೆ ರಬ್ಬರು ಪೈಪು. ಹಬೆ ಸಂದಿಯಲ್ಲೇ ಸೋರಿತು. ಹಿಟ್ಟು ಮೆತ್ತಿದರೆ ಹಿಟ್ಟು ಬೆಂದು ಕಡುಬಾಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ಬೆಸುಗೆ ಹಾಕಿದ ಮೇಲೆ ಪೈಪು ಬಿರಿದು ಮೊಣಕೈ ಸುಟ್ಟಿತು. “ಹಾಳಾಯ್ ಹೋಗ್!” ಎಂದು ಡ್ರಮ್ಮಿಗೆ ಒದ್ದ, ಕಾಲೂ ನೋಯಿತು.

ಕೊನೆಗೊಂದು ಸಂಜೆ ಬೇರೆ ಪೈಪಿನ ತುದಿಯಲ್ಲಿ ಹಬೆ ಬುಸ್ಸೆಂದಿತು. ಜಿಡ್ಡು ಕರಗಿ ಇಳಿಯಿತು, ಗೇರುಗಳು ಹುಣಸೆಹಣ್ಣಿನಲ್ಲಿ ಬೆಳಗಿದ ಪಾತ್ರೆಗಳ ಹಾಗೆ ಹೊಳೆದವು. ಬಸ್ಸಿನ ಸಾಹುಕಾರ ಚಂದಯ್ಯನವರು ಬಂದು ನೋಡಲೆಂದು ಗೋಣಿಯ ಮೇಲೆ ಹರಡಿ, ಎಣ್ಣೆ ಕೈಯಲ್ಲಿ ಯಾರೂ ಮುಟ್ಟಬಾರದೆಂದು ಗದರಿಸಿ ಮನೆಗೆ ಹೋದ.

ಬೆಳಿಗ್ಗೆ ನೋಡಿದರೆ ಎಲ್ಲಕ್ಕೂ ಕೆಂಪು ತುಕ್ಕು! ಜಿಡ್ಡು ಹೋದ ಬರಿ ಕಬ್ಬಿಣವನ್ನು ಕಡಲಗಾಳಿ ಬಿಡುತ್ತದೆಯೇ?

“ಎಂತ ಮಾರಾಯಾ ಇದ್? ತೊಳ್ದ್ ಕೂಡ್ಲೇ ಎಣ್ಣಿ ಹಚ್ಚುಕ್ ಆತಿಲ್ಯಾ?” ಚಂದಯ್ಯನವರು ರೇಗಿದರು. ಶೆಡ್ಡಿನ ಗ್ರೀಸಿನ ಡಬ್ಬಿ ಯಾವತ್ತೋ ಖಾಲಿಯಾಗಿತ್ತು. “ಮನಿಯಗೆ ತೆಂಗಿನೆಣ್ಣಿ ಇಲ್ಯಾ? ತಕಂಡ್ ಬಾ.”

ಅಣ್ಣಯ್ಯ ತುಕ್ಕು ಹಿಡಿದ ಗೇರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಾಗಿ ತಲೆಗೆ ಹಚ್ಚಿಕೊಳ್ಳಲು ಮನೆಯಲ್ಲಿದ್ದ ಒಂದೇ ತೆಂಗಿನೆಣ್ಣೆಯ ಕುಪ್ಪಿ ತೆಗೆದಿದ್ದಳು. ಅವನ ಕಣ್ಣು ಕುಪ್ಪಿಯ ಮೇಲೆ ಬಿತ್ತು. ಅವಳು ಗೇರು ನೋಡಿದಳು, ಗಂಡನ ಮುಖ ನೋಡಿದಳು.

“ಚಿಮ್ಣಿಯೆಣ್ಣಿ ಮುಗೀತ್, ಇನ್ ಇದಾ?” ಎಂದು ಕುಪ್ಪಿಯನ್ನು ಅವನೆದುರು ಕುಕ್ಕಿ ಒಳಗೆ ಹೋದಳು.

ಅಂದು ಸಂಜೆ ಅಡುಗೆಮನೆಯಲ್ಲಿ ದೀಪ ಉರಿಯಿತು. ಉಣ್ಣಲು ಕೂತ ಅಣ್ಣಯ್ಯನಿಗೆ ಒಗ್ಗರಣೆ ಇಲ್ಲದ ಸಾರು, ಬಾಗಿಯ ಒಣ ಕೂದಲು ಎರಡೂ ಆ ಬೆಳಕಿನಲ್ಲಿ ಚೆನ್ನಾಗಿ ಕಂಡವು.