ನನಗಿಂತ ಮೊದಲೇ ಒಳಗೆ ಹೋದವಳು

ಸತ್ತವರು ಬಂದು ಹೋಗುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎಂದು ಎದೆತಟ್ಟಿ ಹೇಳಲಾರೆ. ಕದ್ರಿಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್, ವೀಸಾ ಫೋಟೊ ತೆಗೆಯುವುದೇ ಮುಖ್ಯ ಕೆಲಸ. ಕಿವಿ ಕಾಣಬೇಕು, ಕನ್ನಡಕ ತೆಗೆಯಿರಿ, ನಗಬೇಡಿ ಎಂದು ದಿನವಿಡೀ ಹೇಳಿ ಹೇಳಿ ನನ್ನ ಮುಖವೂ ಪಾಸ್‌ಪೋರ್ಟ್ ಫೋಟೊದ ಹಾಗೆಯೇ ಆಗಿದೆ ಎಂದು ಅಮ್ಮ ತಮಾಷೆ ಮಾಡುತ್ತಾರೆ. ನಿಮ್ಮನ್ನು ನಂಬಿಸಲೆಂದು ನಾನು ಇದನ್ನು ಬರೆಯುತ್ತಿಲ್ಲ. ಕೆಲವು ವರ್ಷಗಳಾದರೂ ಸಿಟ್ಟು ಇಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಅವಳಿಗಳಲ್ಲಿ ಒಬ್ಬಳು. ಹೆರಿಗೆಯಾದ ಮೇಲೆ ಅಮ್ಮ ಹಾಸಿಗೆ ಹಿಡಿದಿದ್ದರಿಂದ ಮುಂಬೈಯಲ್ಲಿದ್ದ ದೊಡ್ಡಮ್ಮ ಊರಿಗೆ ಬಂದು ನಮ್ಮಿಬ್ಬರನ್ನೂ ನೋಡಿಕೊಂಡರಂತೆ. ಇನ್ನೊಬ್ಬಳು ಹಾಲು ಕುಡಿಯುವ ಪ್ರಾಯದಲ್ಲೇ ಜ್ವರ ಬಂದು ದೊಡ್ಡಮ್ಮನ ಮಡಿಲಲ್ಲಿ ತೀರಿಕೊಂಡಳು. ಅಲ್ಲಿಂದ ಮುಂದೆ ನನ್ನನ್ನು ಸಾಕಿದ್ದು ಹೆಚ್ಚು ಕಡಿಮೆ ದೊಡ್ಡಮ್ಮನೇ. ನಾನು ದೊಡ್ಡವಳಾದ ಮೇಲೆ ಅವರು ಮುಂಬೈಗೆ ಮರಳಿದರೂ, ಅಮ್ಮನಿಗೆ ಹೇಳಲಾಗದ್ದನ್ನೆಲ್ಲ ನಾನು ಅವರಿಗೆ ಹೇಳುತ್ತಿದ್ದೆ.

ನಮ್ಮ ತುಳುವರಲ್ಲಿ ಒಂದು ನಂಬಿಕೆ ಇದೆ. ಸತ್ತ ಮಕ್ಕಳು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಆ ಕಡೆಯಲ್ಲಿ ನಮ್ಮ ಹಾಗೆಯೇ ಬೆಳೆಯುತ್ತಾರೆ. ಮದುವೆಯ ಪ್ರಾಯ ಬಂದಾಗ ಅವರಿಗೂ ಮದುವೆ ಮಾಡಬೇಕು. ಬೇರೆ ಕುಟುಂಬದಲ್ಲಿ ತೀರಿಹೋದ ಮಗುವನ್ನು ಹುಡುಕಿ, ಹೆಣ್ಣು ಗಂಡು ನೋಡುವ ಶಾಸ್ತ್ರದಿಂದ ಹಿಡಿದು ಊಟದವರೆಗೆ ಎಲ್ಲವನ್ನೂ ಮಾಡುತ್ತಾರೆ. ಅದಾಗುವ ತನಕ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗೆ ಎಲೆ ಹಾಕಿ ಬಡಿಸಿ ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತೇವೆ. ನನ್ನ ಮದುವೆಯಾದಾಗಲೇ ಅವಳದ್ದನ್ನೂ ಮುಗಿಸಿಬಿಡೋಣ ಎಂದು ದೊಡ್ಡಮ್ಮ ಹೇಳಿದ್ದರು. ಹುಡುಗಿಗೆ ಆಧಾರ್ ಕಾರ್ಡ್ ಆಗಿದೆಯೋ ಎಂದು ಕೇಳಿ ನಾನು ನಗಾಡಿದ್ದೆ. ಆ ಮಾತು ಅಲ್ಲಿಗೆ ನಿಂತಿತು. ಆದರೂ ದೊಡ್ಡಮ್ಮ ಪ್ರತಿ ವರ್ಷ ಒಂದೇ ನಮೂನೆಯ ಎರಡು ಸೀರೆ ಕಳಿಸುವುದನ್ನು ಬಿಡಲಿಲ್ಲ, ನನಗೊಂದು, ಎಲೆಯ ಪಕ್ಕಕ್ಕೊಂದು. ಕೊನೆಯ ಸಲ ಗಿಳಿಹಸಿರು ಬಣ್ಣದ್ದು ಬಂದಿತ್ತು. ಆ ಬಣ್ಣ ನನಗೆ ಒಪ್ಪುವುದಿಲ್ಲವೆಂದು ನನ್ನದನ್ನು ಬಿಡಿಸದೆ ಕಪಾಟಿನಲ್ಲಿ ಇಟ್ಟಿದ್ದೆ.

ಅದೇ ವರ್ಷ, ಒಂದು ಬೆಳಿಗ್ಗೆ ಮುಂಬೈಯಿಂದ ದೊಡ್ಡಮ್ಮನ ಮಗ ಫೋನ್ ಮಾಡಿದ. ನಾನು ಅವನನ್ನು ಅಣ್ಣ ಎಂದೇ ಕರೆಯುವುದು. "ಅಮ್ಮ ಇವತ್ತು ದಾಟುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ನಿನ್ನ ಹತ್ರ ಎಂತದೋ ಹೇಳ್ಲಿಕ್ಕೆ ಉಂಟಂತೆ. ನನ್ನ ಹತ್ರ ಹೇಳುವುದಿಲ್ಲ ಮಾರಾಯ್ತಿ. ಬೇಗ ಬಾ" ಎಂದ. ಸಿಕ್ಕಿದ ಮೊದಲ ವಿಮಾನಕ್ಕೆ ಟಿಕೆಟ್ ಮಾಡಿ, ತೊಟ್ಟ ಚೂಡಿದಾರದಲ್ಲೇ ಮಣ್ಣಗುಡ್ಡದ ಮನೆಯಿಂದ ಟ್ಯಾಕ್ಸಿ ಹತ್ತಿದೆ.

ವಿಮಾನ ನಿಲ್ದಾಣದಲ್ಲಿ ನನಗೆ ತಡವಾಗಲಿಕ್ಕಿಲ್ಲ ಎಂಬ ಧೈರ್ಯವಿತ್ತು. ಫೋನಿನಲ್ಲಿ ಮುಖವನ್ನು ಮೊದಲೇ ನೋಂದಾಯಿಸಿಟ್ಟಿದ್ದೆ. ಕ್ಯಾಮೆರಾದ ಮುಂದೆ ನಿಂತರೆ ಸಾಕು, ಗೇಟು ತಾನಾಗಿ ತೆರೆಯುತ್ತದೆ. ಸ್ಟುಡಿಯೊಕ್ಕೆ ಬಂದವರಿಗೆಲ್ಲ ನಾನೇ ಅದರ ಪ್ರಚಾರ ಮಾಡಿದ್ದೆ. ಅಂದು ಕ್ಯಾಮೆರಾದ ಮುಂದೆ ನಿಂತೆ. ಗೇಟು ತೆರೆಯಲಿಲ್ಲ, ಕೆಂಪು ದೀಪ ಬಂತು. ಇನ್ನೊಮ್ಮೆ ನಿಂತೆ, ಮತ್ತೂ ಕೆಂಪು. ಪಕ್ಕದಲ್ಲಿದ್ದ ಸಿಬ್ಬಂದಿ ಹುಡುಗಿ ತನ್ನ ಟ್ಯಾಬ್ ನೋಡಿ, "ಮೇಡಂ, ನೀವು ಒಳಗೆ ಹೋಗಿ ಆಗಿದೆಯಲ್ಲ" ಎಂದಳು.

ಮೊದಲು ನನಗೆ ನಗು ಬಂತು. ನಾನು ಇಲ್ಲಿ ನಿಂತಿದ್ದೇನಲ್ಲ ಎಂದೆ. "ಆದ್ರೆ ಸಿಸ್ಟಮಿನಲ್ಲಿ ಹಾಗೆ ತೋರಿಸ್ತಾ ಉಂಟು" ಎಂದಳು. ಆಧಾರ್ ಕಾರ್ಡ್ ಕೊಟ್ಟೆ, ಟಿಕೆಟ್ ತೋರಿಸಿದೆ, ಕಾರ್ಡನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು ನಿಂತೆ. ಅವಳ ಮೇಲಧಿಕಾರಿ ಬಂದ. ಒಂದು ಟಿಕೆಟಿಗೆ ಒಬ್ಬರೇ, ಮೊದಲು ಹೋದವರು ಯಾರೆಂದು ಗೊತ್ತಾಗುವ ತನಕ ನಿಮ್ಮನ್ನು ಬಿಡಲಾಗುವುದಿಲ್ಲ ಎಂದ. ರಕ್ತ ಮಾಂಸದ ಹೆಂಗಸೊಬ್ಬಳು ಎದುರಿಗೆ ನಿಂತು ಕೂಗಾಡುತ್ತಿದ್ದರೆ, ಆ ಮನುಷ್ಯ ನನ್ನನ್ನು ನೋಡುವುದು ಬಿಟ್ಟು ಪರದೆಯನ್ನು ನೋಡುತ್ತಿದ್ದ. ಅಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಬಂದಿರಲಿಲ್ಲ. ಅಲ್ಲಿ ನನ್ನ ದೊಡ್ಡಮ್ಮ ಸಾಯುತ್ತಿದ್ದಾರೆ ಎಂದು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೊನೆಗೆ ನನ್ನನ್ನು ಒಂದು ಕೋಣೆಗೆ ಕರೆದೊಯ್ದು ಕೂರಿಸಿದರು.

ಅಲ್ಲಿ ಅವರು ನನಗೆ ಆ ಚಿತ್ರ ತೋರಿಸಿದರು. ಮುಖವನ್ನು ಗುರುತಿಸಿ ಗೇಟು ತೆರೆಯುವಾಗ ಕ್ಯಾಮೆರಾ ಹಿಡಿದ ಚಿತ್ರ. ಮುಖಗಳನ್ನು ನೋಡುವುದೇ ನನ್ನ ಹೊಟ್ಟೆಪಾಡು, ಬೆಳಕು ತಪ್ಪಿದರೆ ಯಾರು ಯಾರಂತೆ ಕಾಣಬಹುದೆಂದು ನನಗೆ ಗೊತ್ತು. ಇದು ಹಾಗಲ್ಲ. ನನ್ನದೇ ಮೂಗು, ನನ್ನದೇ ಗಲ್ಲ, ಕಣ್ಣ ಕೆಳಗೆ ನನ್ನದೇ ಕಪ್ಪು. ಆದರೆ ಅವಳು ಕ್ಯಾಮೆರಾವನ್ನೇ ನೋಡಿ ನಗುತ್ತಿದ್ದಳು, ಹಬ್ಬಕ್ಕೆ ಹೊರಟವರ ಹಾಗೆ. ಮೈಮೇಲೆ ಗಿಳಿಹಸಿರು ಸೀರೆ ಇತ್ತು.

"ನಿಮಗೆ ಅವಳಿ ಯಾರಾದ್ರೂ ಇದ್ದಾರಾ?" ಎಂದು ಅಧಿಕಾರಿ ಕೇಳಿದ.

"ಇದ್ದಳು" ಎಂದೆ. "ಹಾಲು ಕುಡಿಯುವಾಗಲೇ ಸತ್ತಿದ್ದಾಳೆ."

ಆ ಹುಡುಗಿ ಟ್ಯಾಬನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವಳೂ ನಮ್ಮ ಕಡೆಯವಳೇ ಇರಬೇಕು. ಅಧಿಕಾರಿ ಮಾತ್ರ ಅಲ್ಲಿಗೂ ಇಲ್ಲಿಗೂ ಫೋನ್ ಮಾಡುತ್ತಲೇ ಇದ್ದ. ಒಳಗೆಲ್ಲ ಹುಡುಕಿದರು. ಹಸಿರು ಸೀರೆಯವಳು ಯಾರ ಕಣ್ಣಿಗೂ ಬೀಳಲಿಲ್ಲ. ವಿಮಾನ ಹತ್ತುವ ಬಾಗಿಲಲ್ಲಿಯೂ ನನ್ನ ಮುಖ ದಾಟಿ ಹೋಗಿದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು, ನನ್ನ ಸೀಟು ಮಾತ್ರ ಖಾಲಿ. ಇದೆಲ್ಲ ಮುಗಿಯುವಷ್ಟರಲ್ಲಿ ವಿಮಾನ ಹೋಗಿತ್ತು. ಆಮೇಲೆ ಅಧಿಕಾರಿ, "ಸಿಸ್ಟಮ್ ಎರರ್ ಮೇಡಂ, ಸಾರಿ" ಎಂದು ಹೇಳಿ ಮಧ್ಯಾಹ್ನದ ವಿಮಾನದಲ್ಲಿ ಸೀಟು ಕೊಡಿಸಿದ. ಅವನ ಸಾರಿಯನ್ನು ಅವನ ಮುಖಕ್ಕೇ ಎಸೆಯಬೇಕು ಎನ್ನಿಸಿತು.

ನಾನು ಮುಂಬೈಗೆ ಮುಟ್ಟುವಾಗ ಸಂಜೆಯಾಗಿತ್ತು. ದೊಡ್ಡಮ್ಮನನ್ನು ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದ್ದರು. ಜೀವ ಹೋಗಿ ಆಗಲೇ ಹೊತ್ತಾಗಿತ್ತು. ನಾನು ಅವರ ಕಾಲ ಬಳಿ ಕುಳಿತು ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಆ ಗೇಟನ್ನು, ಆ ಕ್ಯಾಮೆರಾವನ್ನು, ಪರದೆ ನೋಡುತ್ತಿದ್ದವನನ್ನು, ಬಾಯಿಗೆ ಬಂದ ಹಾಗೆ ಬೈದೆ. ಅಣ್ಣ ಬಂದು ಹೆಗಲು ಹಿಡಿದ.

"ನೀನು ಬರ್ಲಿಲ್ಲ ಅಂತ ಅಮ್ಮನಿಗೆ ಬೇಜಾರೇನೂ ಇರ್ಲಿಲ್ಲ" ಎಂದ. "ಊಟದ ಹೊತ್ತಿಗೆ ಭ್ರಮೆ ಆದದ್ದೋ ಎಂತದೋ, ಇವಳು ಬಂದಳು, ಹಸಿರು ಸೀರೆ ಎಷ್ಟು ಚಂದ ಒಪ್ಪುತ್ತದೆ ಅಂತ ಹೇಳಿದ್ರು. ಯಾರದ್ದೋ ಕೈ ಹಿಡಿದ ಹಾಗೆ ಹಾಸಿಗೆ ಮೇಲೆ ಕೈ ಇಟ್ಟು ಸುಮಾರು ಹೊತ್ತು ಗುಸುಗುಸು ಮಾತಾಡಿದ್ರು. ಮತ್ತೆ, ಹೇಳ್ಬೇಕಾದ್ದನ್ನು ಹೇಳಿ ಆಯ್ತು ಅಂತ ಕಣ್ಣು ಮುಚ್ಚಿದ್ರು."

ನಾನು ಅವನಿಗೆ ಆ ಚಿತ್ರದ ವಿಷಯ ಹೇಳಿರಲಿಲ್ಲ. ಅವಳು ಉಟ್ಟಿದ್ದ ಸೀರೆಯ ಬಣ್ಣವನ್ನಂತೂ ಯಾರಿಗೂ ಹೇಳಿರಲಿಲ್ಲ.

ಊರಿಗೆ ಬಂದವಳೇ ಕಪಾಟು ತೆರೆದೆ. ನನ್ನ ಸೀರೆ ಇಟ್ಟಲ್ಲೇ ಇತ್ತು. ಎಲೆಯ ಪಕ್ಕದಲ್ಲಿಟ್ಟದ್ದನ್ನು ಅಮ್ಮ ತಮ್ಮ ಟ್ರಂಕಿನಿಂದ ತೆಗೆದು ತೋರಿಸಿದರು. ಎರಡರ ಮಡಿಕೆಯೂ ಬಿಚ್ಚಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಹೆದರುತ್ತಾರೆ ಎಂದುಕೊಂಡಿದ್ದೆ, ಅವರು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸವರುತ್ತ ಕುಳಿತರು. "ಇಷ್ಟು ವರ್ಷ ಅವರ ಪ್ರೀತಿ ಎಲ್ಲ ನಿನಗೇ ಸಿಕ್ಕಿದೆ. ಒಂದು ದಿನ ಅವಳಿಗೆ ಸಿಕ್ಕಿದ್ರೆ ನಿನಗೆ ಎಂತ ನಷ್ಟ?" ಎಂದರು.

ನಷ್ಟ ಆಗಿದೆ. ಅದನ್ನು ಅಮ್ಮನಿಗೆ ಹೇಗೆ ಹೇಳಲಿ? ನನಗೆಂದು ಇಟ್ಟುಕೊಂಡಿದ್ದ ಕೊನೆಯ ಮಾತು ಅದು. ನನ್ನ ಮುಖವನ್ನು ತೋರಿಸಿ ಬೇರೆ ಯಾರೋ ಹೋಗಿ ಅದನ್ನು ಕೇಳಿಸಿಕೊಂಡರು. ಯಂತ್ರದ ತಪ್ಪೆಂದರೆ ದೊಡ್ಡಮ್ಮನಿಗೆ ಸೀರೆ ಕಂಡದ್ದು ಹೇಗೆ? ಅವಳೇ ಎಂದರೆ, ಸತ್ತವಳಿಗೆ ಗೇಟು ಯಾಕೆ ಬೇಕಿತ್ತು, ವಿಮಾನ ಯಾಕೆ ಬೇಕಿತ್ತು? ನಾನು ಎಷ್ಟು ತಲೆ ಕೆಡಿಸಿಕೊಂಡರೂ ಇದಕ್ಕೆ ಬುಡವೂ ಸಿಗುವುದಿಲ್ಲ, ತುದಿಯೂ ಸಿಗುವುದಿಲ್ಲ.

ಕಳೆದ ವರ್ಷ ಅವಳ ಮದುವೆ ಮಾಡಿದೆವು. ಈ ಸಲ ನಾನು ನಗಾಡಲಿಲ್ಲ. ಪಡೀಲಿನ ಕುಟುಂಬವೊಂದರಲ್ಲಿ ಎಳೆ ಪ್ರಾಯದಲ್ಲೇ ತೀರಿಹೋದ ಹುಡುಗ ಸಿಕ್ಕಿದ. ಬಳಿ, ಅಂದರೆ ಗೋತ್ರ, ಬೇರೆ ಬೇರೆ, ಮಾತುಕತೆ ಸಲೀಸಾಗಿ ಮುಗಿಯಿತು. ಒಂದು ಮಣೆಯ ಮೇಲೆ ಪಂಚೆ ಶಲ್ಯ, ಇನ್ನೊಂದರ ಮೇಲೆ ಆ ಗಿಳಿಹಸಿರು ಸೀರೆ, ಬಳೆ, ಮಲ್ಲಿಗೆ. ಮನೆಯಲ್ಲೇ ಫೋಟೊದವಳು ಇರುವಾಗ ಬೇರೆಯವರನ್ನು ಯಾಕೆ ಕರೆಯಬೇಕೆಂದು ಚಿತ್ರ ತೆಗೆಯುವ ಕೆಲಸ ನನಗೇ ಬಂತು.

ನನ್ನ ಕ್ಯಾಮೆರಾ ಯಾರದಾದರೂ ಮುಖ ಕಂಡರೆ ಅದರ ಸುತ್ತ ಹಳದಿ ಚೌಕ ತೋರಿಸುತ್ತದೆ. ಮಣೆಗಳತ್ತ ಹಿಡಿದೆ. ಅಲ್ಲಿ ಬಟ್ಟೆ, ಹೂವು, ಹಿಂದೆ ಬೋಳು ಗೋಡೆ, ಅಷ್ಟೇ. ಚೌಕ ಕಾಣಿಸಿಕೊಂಡಿತು. ಸೀರೆಯ ಮೇಲೆ, ಕುಳಿತವಳೊಬ್ಬಳ ತಲೆ ಇರಬೇಕಾದಷ್ಟು ಎತ್ತರದಲ್ಲಿ ನಿಂತಿತು. ನನಗೆ ಹೆದರಿಕೆಯಾಗಲಿಲ್ಲ. ಇಷ್ಟು ವರ್ಷ ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ತಿಳಿಯದೆ ಇಟ್ಟುಕೊಂಡಿದ್ದ ಸಿಟ್ಟು ಒಮ್ಮೆಲೇ ಉಕ್ಕಿ ಬಂತು.

"ನಗಬೇಡ" ಎಂದೆ, ಯಾರಿಗೂ ಕೇಳದಷ್ಟು ಸಣ್ಣಗೆ. "ದೊಡ್ಡಮ್ಮ ನಿನ್ನ ಹತ್ರ ಎಂತ ಹೇಳಿದ್ರು? ಅದು ಹೇಳು."

ಚೌಕ ಸ್ವಲ್ಪ ಹೊತ್ತು ಹಾಗೆಯೇ ಇದ್ದು ಆರಿಹೋಯಿತು. ಚಿತ್ರದಲ್ಲಿ ಸೀರೆ ಮಾತ್ರ ಇದೆ.